ಕೆಂಚಮ್ಮನ ಕೋಲಾಟಕ್ಕೆ ಹಾಡು ಹಾಕಿದ್ದು

ಶಾಲೆಯ ಡ್ಯಾನ್ಸಿಗೆ ಹಾಡು ಹಾಕುವುದು ಮದುವೆಗೆ ಹಾಡು ಹಾಕಿದಂತಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಹೊಸದಾಗಿ ಡಿಜೆ ಅಂತ ಬೋರ್ಡು ಬರೆಸಿಕೊಂಡು ಗಾಡಿ ತುಂಬ ಸ್ಪೀಕರು ಬಾಕ್ಸು ಹೇರಿಕೊಂಡು ಓಡಾಡುವ ತಮ್ಮಂದಿರು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಮದುವೆಯಲ್ಲಿ ನೀವು ಯಾವ ಹಾಡು ಹಾಕಿದರೂ ಉಣ್ಣುವವರು ಉಣ್ಣುತ್ತಾರೆ. ಹಾಡು ನಿಂತೇ ಹೋದರೂ ಹೋಳಿಗೆಗೆ ತುಪ್ಪ ಬಿತ್ತಾ ಅಂತ ನೋಡುತ್ತಾರೆಯೇ ಹೊರತು ನಿಮ್ಮ ಕಡೆ ತಿರುಗುವುದಿಲ್ಲ. ಶಾಲೆಯಲ್ಲಿ ಹಾಗಲ್ಲ. ಎಂಟು ಮಕ್ಕಳು ಮುಖಕ್ಕೆ ಪೌಡರು ಬಳಿದುಕೊಂಡು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲು ಮುಂದಿಟ್ಟು ನಿಂತಿರುತ್ತವೆ. ಅವಕ್ಕೆ ಬೇಕಾದದ್ದು ಒಂದೇ ಹಾಡು, ಅದೂ ಒಂದೇ ಜಾಗದಿಂದ. ಅದು ಬರುವವರೆಗೆ ಅವು ಉಸಿರು ಬಿಡುವುದಿಲ್ಲ.

ಚಿತ್ರದುರ್ಗದಲ್ಲಿ ಅಂಗಡಿ ಇಟ್ಟುಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಶಾಲೆಗಳಿಗೆ ನಲವತ್ತಕ್ಕೂ ಹೆಚ್ಚು ವರ್ಷ ಮೈಕ್‌ಸೆಟ್ ಕಟ್ಟಿದವನು ನಾನು, ತಿಪ್ಪೇಸ್ವಾಮಿ. ಹೋದ ವರ್ಷ ಅಂಗಡಿ ಬಾಗಿಲು ಹಾಕಿದೆ. ಕಿವಿ ಇನ್ನೂ ಗಟ್ಟಿಯಾಗಿದೆ, ಸೊಂಟ ಮಾತ್ರ ಬಾಕ್ಸು ಎತ್ತಲು ಒಪ್ಪುತ್ತಿಲ್ಲ. ಈ ಕಸುಬಿನಲ್ಲಿ ನನಗಿಂತ ಚೆನ್ನಾಗಿ ಶಾಲೆಯ ಡ್ಯಾನ್ಸಿಗೆ ಹಾಡು ಹಾಕಿದವರು ಈ ತಾಲ್ಲೂಕುಗಳಲ್ಲಿ ಇಲ್ಲ ಅಂತ ನನ್ನ ನಂಬಿಕೆ. ಇದ್ದರೆ ಬಂದು ಹೇಳಲಿ, ಕಾಫಿ ಕುಡಿಸಿ ಒಪ್ಪಿಕೊಳ್ಳುತ್ತೇನೆ. ಆದರೆ ನಾನಿಲ್ಲಿ ಬರೆಯುವುದು ಹೆಚ್ಚಾಗಿ ನನ್ನ ತಪ್ಪುಗಳನ್ನೇ. ಚೆನ್ನಾಗಿ ಆದ ದಿನಗಳು ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ, ಬಿಡಿಸಲು ಬರುವುದಿಲ್ಲ.

ನನಗೆ ಕೆಲಸ ಕಲಿಸಿದವರು ಬಾಷಾ ಸಾಹೇಬರು. ಸಂತೆಪೇಟೆ ಕಡೆ ಅವರದೊಂದು ಮೈಕ್‌ಸೆಟ್ ಅಂಗಡಿಯಿತ್ತು. ಎಸ್ಸೆಸ್ಸೆಲ್ಸಿ ಫೇಲಾಗಿ ಅವರ ಹತ್ತಿರ ಸೇರಿದಾಗ ನನಗೆ ಆಂಪ್ಲಿಫೈಯರು ಮುಟ್ಟುವ ಆಸೆ. ಅವರು ನನ್ನ ಕೈಗೆ ಕೊಟ್ಟದ್ದು ಒಂದು ಪೆನ್ಸಿಲು ಮತ್ತು ಒಂದು ರಾಶಿ ಕ್ಯಾಸೆಟ್ಟು. ಪೆನ್ಸಿಲನ್ನು ಕ್ಯಾಸೆಟ್ಟಿನ ತೂತಿಗೆ ಹಾಕಿ ತಿರುಗಿಸಿ, ಹಾಡು ಶುರುವಾಗುವ ಜಾಗಕ್ಕೆ ಸರಿಯಾಗಿ ಟೇಪು ತಂದು ನಿಲ್ಲಿಸಬೇಕು. ಆರು ತಿಂಗಳು ಅದೇ ಕೆಲಸ. ಒಂದು ದಿನ ಸಿಟ್ಟು ಬಂದು, "ಸಾಹೇಬ್ರೆ, ಸುಮ್ಕೆ ಒತ್ತಿದ್ರೆ ಹಾಡು ತಾನೇ ಬರ್ತೈತಲ್ಲ, ಎರಡು ಕ್ಷಣ ತಡ ಆದ್ರೆ ಏನಾಗ್ತೈತೆ?" ಅಂದೆ.

ಸಾಹೇಬರು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದರು. "ಬಾ ಇಲ್ಲಿ. ಒಂದು ಕಾಲ್ ಎತ್ತು. ಕೈ ಎರಡೂ ಮೇಲಕ್ಕೆ. ಹಂಗೇ ನಿಂತ್ಕ" ಅಂದರು. ನಿಂತೆ. ಅವರು ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು ಯಾರ ಹತ್ತಿರವೋ ಮಾತಿಗಿಳಿದರು. ರಸ್ತೆಯಲ್ಲಿ ಹೋಗುವವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು. ಕೊನೆಗೆ ಕಾಲು ಇಳಿಸಿದಾಗ, "ನಿಂದು ಎಷ್ಟೊತ್ತಾಯ್ತು ಅಂತ ಗೊತ್ತಾ? ಒಂದು ನಿಮಿಷನೂ ಆಗಿಲ್ಲ. ಮಕ್ಕಳದು ಎರಡು ಕ್ಷಣಾನೂ ಅಷ್ಟೇ ಉದ್ದ ಇರ್ತೈತೆ ಬೇಟಾ" ಅಂದರು. ಆಮೇಲೆ ಪೆನ್ಸಿಲು ತಿರುಗಿಸುವಾಗ ನಾನು ಗೊಣಗಲಿಲ್ಲ.

ಸಾಹೇಬರ ಕೈಕೆಳಗೆ ನಾನು ಒಬ್ಬನೇ ಹೋದ ಮೊದಲ ಕೆಲಸ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯದು. ಅಂದು ಆದದ್ದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಆ ಶಾಲೆಯಲ್ಲಿ ಕರೆಂಟು ಇರಲಿಲ್ಲ. ಮೇಷ್ಟ್ರು ಒಂದು ತಿಂಗಳಿಂದ ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನಲ್ಲಿ ಮಕ್ಕಳಿಗೆ ಡ್ಯಾನ್ಸು ಕಲಿಸಿದ್ದರು. ಸೆಲ್ಲು ದಿನದಿನಕ್ಕೂ ಸಣ್ಣಗಾಗುತ್ತ ಬಂದಿದೆ, ಹಾಡೂ ದಿನದಿನಕ್ಕೂ ನಿಧಾನವಾಗುತ್ತ ಬಂದಿದೆ. ದಿನವೂ ಒಂದೊಂದು ಕೂದಲೆಳೆಯಷ್ಟು ನಿಧಾನವಾದರೆ ಯಾರಿಗೆ ಗೊತ್ತಾಗುತ್ತದೆ? ಮಕ್ಕಳ ಕಾಲೂ ಅದರ ಜೊತೆಗೇ ನಿಧಾನವಾಗಿದೆ. ಅಂದು ನಾನು ಜನರೇಟರು ತಂದು, ಒಳ್ಳೆಯ ಡೆಕ್ಕಿನಲ್ಲಿ ಅದೇ ಕ್ಯಾಸೆಟ್ಟು ಹಾಕಿದೆ. ಹಾಡು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡತೊಡಗಿತು. ಮಕ್ಕಳು ಒಂದು ಸುತ್ತು ಮುಗಿಸುವುದರೊಳಗೆ ಹಾಡು ಎರಡು ಸುತ್ತು ಮುಗಿಸಿತ್ತು. ಅರ್ಧಕ್ಕೆ ಬಂದಾಗ ಒಂದು ಮಗು ಕೂತುಬಿಟ್ಟಿತು.

ಮೇಷ್ಟ್ರು ನನ್ನ ಮೇಲೆ, ನಾನು ಮೇಷ್ಟ್ರ ಮೇಲೆ, ಇಬ್ಬರೂ ಸೇರಿ ಮಕ್ಕಳ ಮೇಲೆ ತಪ್ಪು ಹೊರಿಸಿದೆವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆಯೇ ಇದೆ. ಆದರೆ ನಮ್ಮ ಕಸುಬಿನಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ, ಆ ನೆಲ ನಾವೇ ಹಾಸಿದ್ದಾಗಿರುತ್ತದೆ. ಸಾಹೇಬರಿಗೆ ಬಂದು ಹೇಳಿದಾಗ ಅವರು ಬೈಯಲಿಲ್ಲ. ಟೇಪ್ ರೆಕಾರ್ಡರಿನ ಮೋಟಾರು ಬಿಚ್ಚಿ, ಅದರ ಬೆನ್ನಲ್ಲಿರುವ ಒಂದು ಸಣ್ಣ ತೂತು ತೋರಿಸಿದರು. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರು ಅದರೊಳಗೆ ಹಾಕಿ ತಿರುಗಿಸಿದರೆ ಹಾಡಿನ ವೇಗ ಏರಿಸಬಹುದು, ಇಳಿಸಬಹುದು. ಅಂದಿನಿಂದ ಆ ಸ್ಕ್ರೂಡ್ರೈವರು ನನ್ನ ಜೇಬಿನಲ್ಲೇ ಇತ್ತು. ಅದಕ್ಕಿಂತ ದೊಡ್ಡದಾಗಿ ನಾನು ಕಲಿತದ್ದು, ಕಾರ್ಯಕ್ರಮದ ಹಿಂದಿನ ದಿನವೇ ಶಾಲೆಗೆ ಹೋಗಿ ಮಕ್ಕಳ ಪ್ರಾಕ್ಟೀಸು ನೋಡಬೇಕು ಅನ್ನುವುದು. ನಮ್ಮ ಕಸುಬಿನವರು ಇದಕ್ಕೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರ ಅಂಗಡಿಗಳೆಲ್ಲ ನನಗಿಂತ ಮುಂಚೆಯೇ ಮುಚ್ಚಿದವು.

ಇನ್ನೊಂದು ಸಲ ಹಿರಿಯೂರಿನ ಕಡೆ ಒಂದು ಶಾಲೆಯಲ್ಲಿ ಕಾರ್ಯಕ್ರಮದ ಪಟ್ಟಿ ಹಿಂದುಮುಂದಾಯಿತು. ಪರದೆ ಸರಿದಾಗ ನಿಂತಿದ್ದವನು ಬಾಲ, ಗದೆ ಸಮೇತ ಆಂಜನೇಯನ ವೇಷದ ಒಬ್ಬ ಹುಡುಗ. ನಾನು ಪಟ್ಟಿ ನೋಡಿ ಒತ್ತಿದ್ದು ನವಿಲಿನ ಹಾಡು. ನಿಲ್ಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಆ ಹುಡುಗ ಗದೆ ಕೆಳಗಿಟ್ಟು, ಬಾಲವನ್ನೇ ಗರಿಯ ಹಾಗೆ ಬಿಚ್ಚಿ ಹಿಡಿದು ಕುಣಿಯತೊಡಗಿದ. ಪಕ್ಕದ ತರಗತಿಯ ಹುಡುಗಿಯರು ದಿನಾ ಪ್ರಾಕ್ಟೀಸು ಮಾಡುವುದನ್ನು ಕಿಟಕಿಯಲ್ಲಿ ನೋಡಿ ನೋಡಿ ಅವನಿಗೆ ಬಾಯಿಪಾಠವಾಗಿತ್ತಂತೆ. ಆ ದಿನದ ಮೊದಲ ಬಹುಮಾನ ಅವನಿಗೇ ಹೋಯಿತು, ನನಗೆ ಹೆಡ್‌ಮೇಡಮ್ಮನವರಿಂದ ಒಂದು ಗಂಟೆ ಮಂಗಳಾರತಿ ಆಯಿತು. ಅಲ್ಲಿಂದ ಮುಂದೆ ನಾನು ಪಟ್ಟಿಯನ್ನು ನಂಬಲಿಲ್ಲ. ಪರದೆಯ ಹಿಂದೆ ಹೋಗಿ ಮಕ್ಕಳ ಮುಖ ನೋಡಿ, "ನಿಮ್ದು ಯಾವ ಹಾಡ್ರಲೇ?" ಅಂತ ಕೇಳಿಯೇ ಬಂದು ಒತ್ತುತ್ತಿದ್ದೆ.

ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು. ಗೀರು ಬಿದ್ದ ಸಿ.ಡಿ. ಒಂದೇ ಅಕ್ಷರವನ್ನು ಹತ್ತು ಸಲ ಹೇಳುತ್ತಿತ್ತು, ಮಕ್ಕಳೂ ಒಂದೇ ಹೆಜ್ಜೆಯನ್ನು ಹತ್ತು ಸಲ ಹಾಕುತ್ತಿದ್ದವು. ಆಮೇಲೆ ಪೆನ್‌ಡ್ರೈವು. ಒಂದರಲ್ಲಿ ಇನ್ನೂರು ಹಾಡು, ಯಾವುದಕ್ಕೂ ಸರಿಯಾದ ಹೆಸರಿಲ್ಲ. ಈಗ ಎಲ್ಲ ಟೀಚರೂ ಫೋನು ತಂದು ಕೈಗೆ ಕೊಡುತ್ತಾರೆ. ಫೋನಿನಿಂದ ಹಾಡು ಹಾಕುವಾಗ ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ, ತಮ್ಮಂದಿರೇ. ಸಿರಿಗೆರೆ ಬಸ್ಸಿನಲ್ಲಿ ಬರುವ ಕಾಲೇಜು ಮಕ್ಕಳಿಗೂ ಇದು ಗೊತ್ತು, ಆದರೂ ನಮ್ಮವರು ಮರೆಯುತ್ತಾರೆ. ಭರತನಾಟ್ಯದ ನಡುವೆ ಯಾವುದೋ ಟೀಚರ ತಮ್ಮ ಫೋನು ಮಾಡಿ "ಅಕ್ಕಾ, ಹಸಾ ಈಯ್ತು" ಅಂದದ್ದನ್ನು ಇಡೀ ಊರು ಕೇಳಿಸಿಕೊಂಡದ್ದು ನನ್ನ ಬಾಕ್ಸಿನಲ್ಲೇ.

ಇಷ್ಟೆಲ್ಲ ಕಲಿತವನು ಕೊನೆಗಾಲದಲ್ಲಿ ತಪ್ಪು ಮಾಡಲಿಕ್ಕಿಲ್ಲ ಅಂತ ನನಗೂ ಅನ್ನಿಸಿತ್ತು. ಹಾಗನ್ನಿಸಿದ್ದೇ ತಪ್ಪಿಗೆ ಮೂಲವಾಯಿತು.

ಅದು ನಾನು ಅಂಗಡಿ ಮುಚ್ಚುವ ಮುಂಚಿನ ಚಳಿಗಾಲ. ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ಕಡೆ ಒಂದು ಸರ್ಕಾರಿ ಹೈಸ್ಕೂಲು, ಊರ ಹೆಸರು ಬೇಡ. ಎಂದಿನಂತೆ ಹಿಂದಿನ ದಿನವೇ ಹೋದೆ. ಅಲ್ಲಿ ಒಂಬತ್ತನೇ ತರಗತಿಯ ಎಂಟು ಹುಡುಗಿಯರು ಕೋಲಾಟ ಆಡುತ್ತಿದ್ದರು. ಹೇಳಿಕೊಡುತ್ತಿದ್ದದ್ದು ಟೀಚರಲ್ಲ, ಅವರಲ್ಲೇ ಒಬ್ಬಳು ಹುಡುಗಿ. ಹೆಸರು ಕೆಂಚಮ್ಮ. ಕುರಿ ಸಾಕುವವರ ಹಟ್ಟಿಯವಳು, ಸಣಕಲು ಮೈ, ಮಾತು ಮಾತ್ರ ಕೊಡಲಿ ಏಟು. ಟೀಚರು ರೂಪಾ ಮಿಸ್ಸು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಮ್ಮ ಫೋನಿನಲ್ಲಿ ಹಾಡು ಹಾಕಿಕೊಟ್ಟು ನೋಡುತ್ತಿದ್ದರು.

ಹಾಡು ಕೇಳಿ ನಾನು ನಿಂತುಬಿಟ್ಟೆ. ಅದು ಅಂಗಡಿಯಲ್ಲಿ ಸಿಗುವ ಹಾಡಲ್ಲ. ಒಬ್ಬ ಹೆಂಗಸು ಬಯಲಿನಲ್ಲಿ ನಿಂತು ಒಬ್ಬಳೇ ಹಾಡಿದ್ದು. ದನಿ ಬೆಳಗಿನ ಗಾಳಿಯ ಹಾಗೆ ಸೀದಾ ಬಂದು ತಾಗುತ್ತಿತ್ತು.

"ಯಾರು ಕಣವ್ವ ಇದು ಹಾಡಿರೋದು?" ಅಂದೆ.

"ನಮ್ಮವ್ವ. ದೀಪಾವಳಿ ಹೊತ್ನಾಗೆ ಕುರಿ ಹೊಡ್ಕಂಡು ಹೋಗೋಕೆ ಮುಂಚೆ ಅಪ್ಪನ ಫೋನಾಗೆ ನಾನೇ ಹಿಡ್ದು ಮಿಸ್ಸಿಗೆ ಕಳ್ಸಿದ್ದು" ಅಂದಳು ಕೆಂಚಮ್ಮ.

ಉಳಿದದ್ದನ್ನು ರೂಪಾ ಮಿಸ್ಸು ಹೇಳಿದರು. ದೀಪಾವಳಿ ಕಳೆದರೆ ಅಪ್ಪ ಅವ್ವ ಇಬ್ಬರೂ ಕುರಿಹಿಂಡು ಹೊಡೆದುಕೊಂಡು ಹೊರಡುತ್ತಾರೆ, ಯುಗಾದಿಗೆ ಮರಳುತ್ತಾರೆ. ಹುಡುಗಿ ಸೋದರತ್ತೆಯ ಮನೆಯಲ್ಲಿ ಇದ್ದು ಶಾಲೆಗೆ ಬರುತ್ತಾಳೆ. ಸ್ಕೂಲ್ ಡೇ ಪ್ರತಿ ವರ್ಷ ಈ ನಡುವೆಯೇ ಬರುವುದರಿಂದ ತಾಯಿ ಒಂದು ಸಲವೂ ಮಗಳು ಕುಣಿದದ್ದನ್ನು ನೋಡಿಲ್ಲ. ಮುಂದಿನ ವರ್ಷ ಹತ್ತನೇ ತರಗತಿ. ಆ ಶಾಲೆಯಲ್ಲಿ ಹತ್ತನೆಯವರಿಗೆ ಡ್ಯಾನ್ಸಿಲ್ಲ, ಓದು ಮಾತ್ರ. ಅದಕ್ಕೆ ಈ ಸಲ ಹೇಗಾದರೂ ಬರುತ್ತೇನೆ ಅಂತ ತಾಯಿ ಹೇಳಿ ಕಳಿಸಿದ್ದಾಳೆ. ಹಿಂಡು ಆಗ ಭರಮಸಾಗರದ ಆಚೆ ಇತ್ತು. ಗಂಡನೊಬ್ಬನ ಮೇಲೆ ಹಿಂಡು ಬಿಟ್ಟು, ಮೂರು ಬಸ್ಸು ಬದಲಾಯಿಸಿ ಬಂದು, ಐದೂವರೆ ಬಸ್ಸಿಗೆ ಮತ್ತೆ ಹೊರಡಬೇಕು.

"ನಮ್ಮವ್ವ ನೋಡ್ಬೇಕು ತಾತ. ನೀವು ಹಾಡು ಸರಿಯಾಗಿ ಹಾಕ್ರಿ, ಅಷ್ಟೇ" ಅಂದಳು ಹುಡುಗಿ.

ಅಷ್ಟೇ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಕಿವಿ ಸುಮ್ಮನಿರಬೇಕಲ್ಲ. ಆ ಹಾಡಿನ ಹಿಂದೆ ಗಾಳಿ ಬುಸುಗುಡುತ್ತಿತ್ತು, ಕುರಿಗಳು ಅರಚುತ್ತಿದ್ದವು. ಒಂದೊಂದು ನುಡಿ ಮುಗಿದಾಗಲೂ ಆ ತಾಯಿ ಹಾಡು ನಿಲ್ಲಿಸಿ, ದೂರ ಹೋದ ಕುರಿಗೆ "ಹುರ್‍ರ್‍ರ್... ಹೋಯ್ ಹೋಯ್!" ಅಂತ ಕೂಗಿ, ಆಮೇಲೆ ಮುಂದಿನ ನುಡಿ ಹಿಡಿಯುತ್ತಿದ್ದಳು. ಇದನ್ನು ನನ್ನ ದೊಡ್ಡ ಬಾಕ್ಸಿನಲ್ಲಿ ಹಾಕಿದರೆ ತಿಪ್ಪೇಸ್ವಾಮಿಯ ಸೆಟ್ಟು ಕುರಿದೊಡ್ಡಿ ಆಯಿತು ಅನ್ನುತ್ತಾರೆ ಅಂತ ನನಗೆ ಮರ್ಯಾದೆಯ ಪ್ರಶ್ನೆ.

"ನಿಮ್ಮವ್ವನ ದನಿ ಬಂಗಾರ ಐತೆ. ಅದರ ಮೇಲಿನ ಕಸ ಎಲ್ಲಾ ತೆಗೆದು ಕೊಡ್ತೀನಿ ನೋಡ್ತಿರು" ಅಂದೆ.

"ಬ್ಯಾಡ ತಾತ. ಹಂಗೇ ಇರ್ಲಿ ಬಿಡ್ರಿ."

"ಲೇ ಹುಡುಗಿ, ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ಈ ಕೆಲಸ ಮಾಡ್ತಿದೀನಿ ನಾನು" ಅಂದುಬಿಟ್ಟೆ. ಅವಳು ಸುಮ್ಮನಾದಳು. ದೊಡ್ಡವರು ಹಾಗಂದಾಗ ಮಕ್ಕಳು ಸುಮ್ಮನಾಗುವುದು ಒಪ್ಪಿಗೆಯಿಂದಲ್ಲ ಅಂತ ನನಗೆ ಗೊತ್ತಾಗಬೇಕಿತ್ತು.

ಮಿಸ್ಸಿನ ಫೋನಿನಿಂದ ಹಾಡನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅಂಗಡಿಗೆ ಬಂದು ಗಾಳಿ ತೆಗೆದೆ, ಕುರಿ ತೆಗೆದೆ, ಆ ಹುರ್‍ರ್ ಹೋಯ್ ಅನ್ನುವುದನ್ನೆಲ್ಲ ಕತ್ತರಿಸಿ ನುಡಿಗೆ ನುಡಿ ಸೇರಿಸಿದೆ. ಕೇಳಿದರೆ ರೇಡಿಯೋ ಹಾಡಿನ ಹಾಗಿತ್ತು. ಖುಷಿಯಲ್ಲಿ ಅದನ್ನೇ ಹಳೆಯದರ ಮೇಲೆ ಉಳಿಸಿದೆ. ಅಂದರೆ ಹಳೆಯದು ಹೋಯಿತು. ಹಳೆಯದು ಯಾಕೆ ಬೇಕು ಅಂತ ನನಗನ್ನಿಸಿತ್ತು.

ಮರುದಿನ ಕಾರ್ಯಕ್ರಮ ಮೂರು ಗಂಟೆಗೆ ಅಂದಿದ್ದು, ಅತಿಥಿಗಳು ಬಂದದ್ದೇ ನಾಲ್ಕೂಕಾಲಿಗೆ. ಕೋಲಾಟದ ಸರದಿ ಬರುವಷ್ಟರಲ್ಲಿ ಐದು ಗಂಟೆ. ಕೆಂಚಮ್ಮನ ತಾಯಿ ಬಂದಿದ್ದಳು. ಜನರ ಮುಂದಿನ ಸಾಲಿನಲ್ಲಿ ನೆಲದ ಮೇಲೆ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಹೆಸರು ಕರಿಯಮ್ಮ ಅಂತ ಮಿಸ್ಸು ತೋರಿಸಿದರು. ನಾನು ಪರದೆಯ ಹಿಂದೆ ಹೋಗಿ ಮಕ್ಕಳ ಮುಖ ನೋಡಿ ಬಂದು ಹಾಡು ಒತ್ತಿದೆ.

ಮೊದಲ ನುಡಿ ಅದ್ಭುತವಾಗಿ ಹೋಯಿತು. ನನ್ನ ಸೆಟ್ಟಿನಲ್ಲಿ ಆ ದನಿ ಕೇಳಿ ಅತಿಥಿಗಳು ಕೂಡ ಫೋನಿನಿಂದ ತಲೆ ಎತ್ತಿದರು. ನುಡಿ ಮುಗಿಯಿತು. ಎಂಟು ಹುಡುಗಿಯರೂ ಕೋಲು ತಲೆಯ ಮೇಲೆ ಎತ್ತಿ ಹಾಗೇ ನಿಂತರು. ಎರಡನೇ ನುಡಿ ಶುರುವಾಯಿತು, ಅವರು ನಿಂತೇ ಇದ್ದರು. ಆಗ ನನಗೆ ಹೊಳೆಯಿತು. ಆ ಹುಡುಗಿಯರು ಕಾಯುತ್ತಿದ್ದದ್ದು ಆ ತಾಯಿ ಕುರಿಯನ್ನು ಕರೆಯುವ ಕೂಗಿಗೆ. ಅವ್ವ ಹೋಯ್ ಅಂದಾಗ ಒಳಗಿನವರು ಹೊರಗೆ, ಹೊರಗಿನವರು ಒಳಗೆ ತಿರುಗುವುದು ಅವರ ಆಟ. ಪ್ರಾಕ್ಟೀಸಿನಲ್ಲಿ ಅದನ್ನು ನಾನು ಕಣ್ಣಾರೆ ನೋಡಿದ್ದೆ, ಆದರೆ ಕಿವಿಯೆಲ್ಲ ಕಸದ ಮೇಲಿತ್ತು. ಇಬ್ಬರು ತಿರುಗಿದರು, ಆರು ಜನ ತಿರುಗಲಿಲ್ಲ. ಕೋಲಿಗೆ ಕೋಲು ಸಿಕ್ಕಿ ಒಂದು ಕೋಲು ಹಾರಿ ಅತಿಥಿಗಳ ಮೇಜಿನ ಹತ್ತಿರ ಬಿತ್ತು. ಜನ ನಕ್ಕರು. ಕೆಂಚಮ್ಮ ಅಳಲಿಲ್ಲ. ವೇದಿಕೆಯ ತುದಿಗೆ ಬಂದು ನನ್ನನ್ನು ನೋಡಿದಳು.

ನಾನು ಹಾಡು ನಿಲ್ಲಿಸಿದೆ. ಹೆಡ್‌ಮಾಸ್ಟರು ಎದ್ದು ನಿಂತು, "ಇರ್ಲಿ ಬಿಡ್ರಮ್ಮ, ಬಹುಮಾನ ವಿತರಣೆ ಆದಮೇಲೆ ಇನ್ನೊಂದ್ಸಲ ಆಡೋರಂತೆ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಬಹುಮಾನ ಅಂದರೆ ಒಂದು ಗಂಟೆಯ ಮಾತು, ಬಸ್ಸಿಗೆ ಇದ್ದದ್ದು ಇಪ್ಪತ್ತು ನಿಮಿಷ.

ನಲವತ್ತು ವರ್ಷ ನಾನು ಮೈಕಿನಲ್ಲಿ "ಹಲೋ ಚೆಕ್" ಬಿಟ್ಟು ಬೇರೆ ಮಾತಾಡಿದವನಲ್ಲ. ಅಂದು ಮೈಕು ತೆಗೆದುಕೊಂಡೆ. "ಸಾರ್, ತಪ್ಪು ಮಕ್ಕಳದಲ್ಲ, ನಂದು. ಐದೇ ಐದು ನಿಮಿಷ ಕೊಡ್ರಿ. ಈ ಮಗಿನ ತಾಯಿ ಐದೂವರೆ ಬಸ್ಸಿಗೆ ಹೋಗ್ಬೇಕು" ಅಂದೆ. ಹೆಡ್‌ಮಾಸ್ಟರು ಅತಿಥಿಗಳನ್ನು ನೋಡಿದರು, ಅತಿಥಿಗಳು ಗಡಿಯಾರ ನೋಡಿದರು. "ಐದು ನಿಮಿಷ ಅಂದ್ರೆ ಐದೇ ನಿಮಿಷ ಕಣ್ರಿ" ಅಂತ ಹೆಡ್‌ಮಾಸ್ಟರು ಕೂತರು.

ಓಡಿಹೋಗಿ ರೂಪಾ ಮಿಸ್ಸಿಗೆ ಹಳೆಯ ಹಾಡು ಕೊಡ್ರಿ ಅಂದೆ. ಅವರ ಮುಖ ಬಿಳಿಚಿತು. "ಫೋಟೋ ತೆಗೆಯೋಕೆ ಜಾಗ ಇಲ್ಲ ಅಂತ ಬೆಳಿಗ್ಗೇನೇ ಅಳಿಸಿದೆ ತಿಪ್ಪೇಸ್ವಾಮಿಯವ್ರೆ, ನಿಮ್ಮತ್ರ ಇರ್ತೈತಲ್ಲ ಅಂತ." ಹುಡುಗಿಯ ಅಪ್ಪನ ಫೋನಿಗೆ ಮಾಡಿದೆವು. ಸಿಗ್ನಲ್ಲು ಇಲ್ಲ. ಮೂಲ ಹಾಡು ಕುರಿಗಳ ಜೊತೆ ಭರಮಸಾಗರದ ಆಚೆ ಇತ್ತು.

ತಲೆ ಮೇಲೆ ಕೈಹೊತ್ತು ಮಿಕ್ಸರಿನ ಹತ್ತಿರ ಬಂದರೆ ಅಲ್ಲಿ ಕರಿಯಮ್ಮ ಬ್ಯಾಗು ಹಿಡಿದು ನಿಂತಿದ್ದಳು.

"ಅಣ್ಣಾ, ನನ್ನ ಕುರಿ ಎಲ್ಲಿ ಹೋದ್ವು?" ಅಂದಳು.

"ನಾನೇ ತೆಗೆದೆ ತಾಯಿ."

"ಯಾಕೆ? ನಿಮಗೇನು ಮಾಡಿದ್ವು ಅವು?"

ನಾಚಿಕೆಯಾಯಿತು, ನಿಜ ಹೇಳುತ್ತೇನೆ, ಆ ವಯಸ್ಸಿನಲ್ಲಿ ಅಷ್ಟು ನಾಚಿಕೆ ಆಗುತ್ತದೆ ಅಂತ ಗೊತ್ತಿರಲಿಲ್ಲ. ಆದರೆ ನಾಚಿಕೆಪಟ್ಟುಕೊಂಡು ನಿಲ್ಲಲು ಐದು ನಿಮಿಷದಲ್ಲಿ ಜಾಗವಿಲ್ಲ. ಉಪಾಯ ಅವಳ ಬಾಯಲ್ಲೇ ಇತ್ತು.

"ತಾಯೀ, ಹಾಡು ನಾನು ಹಾಕ್ತೀನಿ. ಒಂದೊಂದು ನುಡಿ ಆದಾಗ ನಿಲ್ಲಿಸ್ತೀನಿ. ಅವಾಗ ನೀನು ಕುರೀನ ಕೂಗು. ಮಕ್ಕಳು ತಿರುಗಿದ ಮೇಲೆ ತಲೆ ಆಡಿಸು, ಮುಂದಿನ ನುಡಿ ಬಿಡ್ತೀನಿ" ಅಂತ ಮೈಕು ಅವಳ ಮುಂದೆ ಹಿಡಿದೆ.

ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು. "ಇದ್ಯಾಕೆ? ಕೆರೆ ಆಚೆ ಇರೋ ಕುರೀಗೇ ಕೇಳ್ತೈತೆ, ಈ ಹುಡುಗ್ರಿಗೆ ಕೇಳಲ್ವಾ?"

ಹಾಡು ಹಾಕಿದೆ. ನುಡಿಗೆ ನುಡಿ ಅಂಟಿಸಿದ್ದು ನಾನೇ, ಅಷ್ಟು ನಾಜೂಕಾಗಿ ಅಂಟಿಸಿದ್ದೆ ಅಂದರೆ ಸೇರಿಸಿದ ಜಾಗ ನನಗೇ ಗೊತ್ತಾಗುತ್ತಿರಲಿಲ್ಲ. ಒಂದು ಉಸಿರು ತಡವಾದರೆ ಮುಂದಿನ ನುಡಿ ಬಂದುಬಿಡುತ್ತದೆ. ಆಗ ನೋಡಿದೆ, ಕರಿಯಮ್ಮನ ತುಟಿ ತನ್ನ ಹಾಡಿನ ಜೊತೆ ಸದ್ದಿಲ್ಲದೆ ಆಡುತ್ತಿತ್ತು. ಆ ತುಟಿ ಮುಚ್ಚಿದಾಗ ಒತ್ತಿದರೆ ಸರಿ. ವೇದಿಕೆಗೆ ಬೆನ್ನು ಹಾಕಿ, ಬೆರಳನ್ನು ಗುಂಡಿಯ ಮೇಲಿಟ್ಟು, ಅವಳ ಮುಖವನ್ನೇ ನೋಡುತ್ತ ನಿಂತೆ.

ತುಟಿ ಮುಚ್ಚಿತು. ಒತ್ತಿದೆ.

"ಹುರ್‍ರ್‍ರ್... ಹೋಯ್ ಹೋಯ್!"

ಇಡೀ ಮೈದಾನ ಬೆಚ್ಚಿಬಿತ್ತು. ನನ್ನ ಎರಡು ಸಾವಿರ ವ್ಯಾಟಿನ ಸೆಟ್ಟು ಆ ದನಿಯ ಮುಂದೆ ತಗಡಿನ ಡಬ್ಬ. ಕಾಂಪೌಂಡಿನಾಚೆ ಕಟ್ಟಿದ್ದ ಯಾರದೋ ಮೇಕೆ ಓಗೊಟ್ಟಿತು. ಹಟ್ಟಿಯ ಜನ ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಬೆನ್ನ ಹಿಂದೆ ಹದಿನಾರು ಕೋಲು ಒಂದೇ ಸದ್ದಿಗೆ ಬಡಿದದ್ದು ಕೇಳಿತು. ಕರಿಯಮ್ಮ ಗದ್ದ ಕೆಳಗೆ ಮಾಡಿದಳು, ಬಿಟ್ಟೆ. ಹೀಗೇ ಎರಡನೆಯದು, ಹೀಗೇ ಮೂರನೆಯದು. ಒಂದು ಸಲವೂ ನನ್ನ ಬೆರಳು ತಪ್ಪಲಿಲ್ಲ, ಅವಳ ಗದ್ದವೂ ತಪ್ಪಲಿಲ್ಲ. ಕೊನೆಯ ನುಡಿ ಮುಗಿದಾಗ ಬಂದ ಚಪ್ಪಾಳೆ ನಾನು ಕೇಳಿದ ಚಪ್ಪಾಳೆಗಳಲ್ಲೆಲ್ಲ ದೊಡ್ಡದು. ಹೆಡ್‌ಮಾಸ್ಟರು ಎದ್ದು ನಿಂತು ತಟ್ಟುತ್ತಿದ್ದರು.

ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕಿತು. "ಮರಿ ಹಾಕೋ ಕುರಿ ಮೂರು ಅವೆ ಅಣ್ಣಾ, ಅವ್ರಪ್ಪ ಒಬ್ನೇ ಅವ್ನೆ" ಅಂತ ಹೇಳಿ, ವೇದಿಕೆಯ ಕಡೆ ಇನ್ನೊಮ್ಮೆ ನೋಡಿ, ಕರಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ವೇದಿಕೆಯ ಮೇಲೆ ಅತಿಥಿಗಳು ಮಕ್ಕಳನ್ನು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೆಂಚಮ್ಮ ಕೆಳಗೆ ಹಾರಿ ನನ್ನ ಹತ್ತಿರ ಬರುವಷ್ಟರಲ್ಲಿ ಬಸ್ಸಿನ ಧೂಳು ಕೂಡ ಇಳಿದಿತ್ತು.

"ತಾತ, ಅವ್ವ?"

"ಬಸ್ಸಿಗೆ ಹೋದ್ಳು ಕಣವ್ವ."

ಅವಳು ರಸ್ತೆಯ ಕಡೆ ನೋಡಿದಳು. ಆಮೇಲೆ ಕೋಲುಗಳನ್ನು ಎದೆಗೆ ಒತ್ತಿಕೊಂಡು ಕೇಳಿದಳು: "ಅವ್ವ ಬರೀ ಕೂಗೋದ್ರಾಗೇ ಇದ್ಳು. ನಾನು ಕುಣಿದಿದ್ದು ನೋಡಿದ್ಳೋ ಇಲ್ವೋ?"

ನೆರೆದಿದ್ದ ಜನರೆಲ್ಲ ನೋಡಿದ್ದು ಕೋಲಾಟವನ್ನು. ಕರಿಯಮ್ಮನನ್ನು ನೋಡಿದವನು ನಾನೊಬ್ಬನೇ.

"ನೋಡಿದ್ಳು ಮಗಾ. ಮೊದ್ಲಿಂದ ಕೊನೇ ತನಕ ನಿನ್ನ ಮೇಲಿಂದ ಕಣ್ಣು ತೆಗೀಲಿಲ್ಲ. ನಾನು ಅವಳ ಮುಖಾನೇ ನೋಡ್ತಿದ್ದೆ. ಎರಡನೇ ಸಲ ನೀವು ತಿರುಗಿದ್ರಲ್ಲ, ಅವಾಗ ಅವಳ ಕೈ ಎರಡೂ ತಾವೇ ಮೇಲಕ್ಕೆ ಹೋದ್ವು, ಹಿಂಗೆ" ಅಂತ ಗಾಳಿಯಲ್ಲಿ ಜಡೆ ಹೆಣೆದು ಗಂಟು ಹಾಕುವವರ ಹಾಗೆ ಬೆರಳು ಆಡಿಸಿ ತೋರಿಸಿದೆ. "ಯಾಕೆ ಅಂತ ನನಗೆ ಗೊತ್ತಾಗ್ಲಿಲ್ಲ."

ಕೆಂಚಮ್ಮ ನಿಧಾನವಾಗಿ ಕೈಯನ್ನು ತಲೆಯ ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡಳು. ಕುಣಿಯುವಾಗಲೇ ಜಡೆಯ ಟೇಪು ಬಿಚ್ಚಿಹೋಗಿ ಕೂದಲು ಬೆನ್ನ ತುಂಬ ಹರಡಿತ್ತು.